ನೆಲ್ಲಿಕೆರೆಯ ಒಗೆಯುವ ಕಲ್ಲು

ನಾನು ಬಟ್ಟೆ ಒಗೆಯುವ ಕಲ್ಲು. ಆಗಬೇಕಾಗಿದ್ದದ್ದು ಮಾತ್ರ ಹೊಸಿಲು. ಊರಾಚೆಯ ಗುಡ್ಡದಲ್ಲಿ ದಾಸಪ್ಪ ಅನ್ನುವ ಕಲ್ಲುಕುಟಿಗ ಬಂಡೆಯ ಮೇಲೆ ಸೌದೆ ಒಟ್ಟಿ ಬೆಂಕಿ ಹಾಕಿದ. ಬಂಡೆ ಕಾದು ಪದರ ಬಿಟ್ಟ ಮೇಲೆ ಉಳಿಯಿಂದ ಸಾಲಾಗಿ ಕುಳಿ ತೋಡಿ, ಬೆಣೆ ಇಟ್ಟು, ಸುತ್ತಿಗೆಯಿಂದ ಹೊಡೆದ. ಯಾರೋ ಸಾಹುಕಾರರ ಹೊಸ ಮನೆಗೆ ಹೊಸಿಲು ಬೇಕಾಗಿತ್ತು. ನಾನು ನೆಟ್ಟಗೆ ಸೀಳಿ ಬರಲಿಲ್ಲ, ಒಂದು ಮೂಲೆ ಮುರಿದು ಓರೆಯಾಯಿತು. ದಾಸಪ್ಪ ನನ್ನ ಮೇಲೆ ಕೂತು ಒಂದು ಬೀಡಿ ಸೇದಿ ಮುಗಿಸಿ, ನನ್ನನ್ನು ನನ್ನ ಹಣೆಬರಹಕ್ಕೆ ಬಿಟ್ಟು ಪಕ್ಕದ ಬಂಡೆಗೆ ಕೈ ಹಾಕಿದ.

ಹಾಗೆ ಬಿದ್ದಿದ್ದ ನನ್ನನ್ನು ಕೇಳಿಕೊಂಡು ಬಂದವನು ಮುದ್ದಯ್ಯ, ನೆಲ್ಲಿಕೆರೆಯಲ್ಲಿ ಮೀನು ಹಿಡಿದು ಬದುಕುವವನು. ಹೊಸದಾಗಿ ಮದುವೆಯಾಗಿದ್ದ. ಹೆಂಡತಿ ಮಾಳಕ್ಕ ಕೆರೆಯಂಚಿನ ಒರಟು ಬಂಡೆಯ ಮೇಲೆ ಬಟ್ಟೆ ಕುಕ್ಕಲು ಹೋಗಿ ಮದುವೆಯ ಸೀರೆಯನ್ನೇ ಹರಿದುಕೊಂಡಿದ್ದಳಂತೆ.

"ಅಳಲಿಲ್ಲ, ಬೈಯಲಿಲ್ಲ. ಸೀರೆ ಮಡಿಲಲ್ಲಿ ಇಟ್ಕಂಡು ಸುಮ್ಮನೆ ಕೂತವಳೆ. ಅದಕ್ಕೇ ಬಂದೆ" ಅಂದ ಮುದ್ದಯ್ಯ.

ದಾಸಪ್ಪನಿಗೆ ನಗು ಬಂತು. ಎರಡು ಒಳ್ಳೆಯ ಕೊರಮೀನು ತಂದುಕೊಡು, ಕಲ್ಲು ತಗೊಂಡು ಹೋಗು ಅಂದ. ಅಷ್ಟೇ ಅಲ್ಲ, ಹೆಣ್ಣುಮಗಳ ಸೀರೆ ಮತ್ತೆ ಹರಿಯಬಾರದು ಅಂತ ನನ್ನ ಮುಖವನ್ನು ಅಂಗೈಯಷ್ಟು ನುಣುಪಾಗುವವರೆಗೆ ಕೆತ್ತಿಕೊಟ್ಟ. ಎತ್ತಿನ ಗಾಡಿಯಲ್ಲಿ ಕೆರೆಗೆ ಬಂದೆ. ಅರ್ಧ ನೀರಲ್ಲಿ, ಅರ್ಧ ದಡದ ಮೇಲೆ ನನ್ನನ್ನು ಓರೆಯಾಗಿ ಹೂತು ನಿಲ್ಲಿಸಿದರು.

ಮಾಳಕ್ಕ ಮುದ್ದಯ್ಯನ ಅಕ್ಕನ ಮಗಳು. ಸೋದರಮಾವನನ್ನೇ ಕೈಹಿಡಿದವಳು, ಮದುವೆಯಾದ ಮೇಲೂ ಅವನನ್ನು "ಮಾವ" ಅಂತಲೇ ಕರೆಯುತ್ತಿದ್ದಳು. ನಾನು ಮನುಷ್ಯರನ್ನು ಯಾವಾಗಲೂ ಕೆಳಗಿನಿಂದ ನೋಡಿದವನು. ಮೊದಲು ಪಾದ ಕಾಣುತ್ತದೆ, ಆಮೇಲೆ ಎತ್ತಿ ಕಟ್ಟಿದ ಸೆರಗು, ಮುಖ ಕಾಣುವುದು ಬಗ್ಗಿದಾಗ ಮಾತ್ರ. ಮಾಳಕ್ಕನ ಮುಖವನ್ನು ನಾನು ಕಂಡಷ್ಟು ಹೊತ್ತು ಅವಳ ಗಂಡನೂ ಕಂಡಿರಲಿಕ್ಕಿಲ್ಲ.

ಆಗೆಲ್ಲ ಕೆರೆಯ ತೂಬಿನ ಪಕ್ಕ ಒಂದು ದೊಡ್ಡ ಅಂಟುವಾಳದ ಮರವಿತ್ತು. ಅದರ ಕಾಯಿ ನೆನೆಹಾಕಿ, ಜಜ್ಜಿ, ಆ ನೀರಲ್ಲಿ ಬಟ್ಟೆ ಅದ್ದಿ ಒಗೆಯುತ್ತಿದ್ದಳು. ಮೀನಿನ ಜಿಡ್ಡು ಹತ್ತಿದ ಪಂಚೆಗೆ ಚೌಳು ಮಣ್ಣು, ಒಲೆಯ ಬೂದಿ. ತಿಳಿಯಾಗಿ, ಕಂದು ಬಣ್ಣದ ಒಂದಿಷ್ಟು ನೊರೆ ನನ್ನ ಮೇಲಿಂದ ಇಳಿದು ನೀರಿಗೆ ಸೇರುತ್ತಿತ್ತು. ಗಂಜಿ ಹಾಕಿದ ಬಟ್ಟೆ ಇದ್ದ ದಿನ ಪಕ್ಕೆ ಮೀನಿನ ಮರಿಗಳು ಗುಂಪು ಕಟ್ಟಿಕೊಂಡು ಬಂದು ನನ್ನ ಬುಡವನ್ನು ಮುತ್ತುತ್ತಿದ್ದವು. ನನಗೆ ಕಚಗುಳಿ ಆಗುತ್ತಿತ್ತು ಅಂದರೆ ಯಾರು ನಂಬುತ್ತಾರೆ.

ಇಷ್ಟು ಹೇಳಿದ ಮೇಲೆ, ಆ ಕಾಲವೇ ಚೆನ್ನ ಅನ್ನಬೇಕೆನಿಸುತ್ತದೆ. ಆದರೆ ಮಾಳಕ್ಕನ ರಟ್ಟೆ ಬಲ್ಲೆ ನಾನು. ಒಂದು ಕಂಬಳಿ ಒಗೆದರೆ ಸಂಜೆವರೆಗೂ ತೋಳು ನಡುಗುತ್ತಿತ್ತು. ಚೌಳು ಮಣ್ಣು ಬೆರಳ ಸಂದಿಯನ್ನು ತಿಂದು ಗಾಯ ಮಾಡುತ್ತಿತ್ತು. ಎರಡು ಬಸಿರು ನಿಲ್ಲಲಿಲ್ಲ. ಎರಡನೆಯದು ಹೋದದ್ದು ನನ್ನೆದುರಿಗೇ, ಒದ್ದೆ ಪಂಚೆ ಎತ್ತಿ ಕುಕ್ಕುವಾಗ. ಅವಳು ಕುಕ್ಕರುಗಾಲಲ್ಲಿ ಕೂತು ನನ್ನ ಮೇಲೆ ಹಣೆ ಇಟ್ಟಳು. ನಾನು ಬಿಸಿಲಿಗೆ ಕಾದಿದ್ದೆ. ಅಷ್ಟು ಬಿಟ್ಟರೆ ಅವಳಿಗೆ ಕೊಡಲು ನನ್ನಲ್ಲಿ ಏನೂ ಇರಲಿಲ್ಲ.

ಮೂರನೆಯ ಸಲ ಬಸಿರಾದಾಗ ಆಸ್ಪತ್ರೆಯ ನರ್ಸಮ್ಮ ಕಟ್ಟುನಿಟ್ಟಾಗಿ ಹೇಳಿದಳಂತೆ, ಬಟ್ಟೆ ಕುಕ್ಕುವ ಹಾಗಿಲ್ಲ, ಭಾರ ಎತ್ತುವ ಹಾಗಿಲ್ಲ. ಮುದ್ದಯ್ಯನೇ ಬಕೆಟ್ ಹಿಡಿದು ಕೆರೆಗೆ ಬಂದ. ದಡದಲ್ಲಿದ್ದ ಹೆಂಗಸರು ಸೆರಗು ಬಾಯಿಗೆ ಅಡ್ಡ ಇಟ್ಟು ನಕ್ಕರು. ಅವನು ತಲೆ ತಗ್ಗಿಸಿಕೊಂಡು ಒಗೆದ, ಚೆನ್ನಾಗೇನೂ ಒಗೆಯಲಿಲ್ಲ.

ಅದೇ ಹೊತ್ತಿಗೆ ಮೈಕಿನಲ್ಲಿ ಹಾಡು ಹಾಕಿಕೊಂಡು ಒಂದು ವ್ಯಾನು ಊರಿಗೆ ಬಂತು. ಮನೆಮನೆಗೆ ಸೋಪಿನ ಪೌಡರಿನ ಪೊಟ್ಟಣ ಹಂಚಿ ಹೋಯಿತು. ನೀಲಿ ಪುಡಿ, ಘಮಘಮ ವಾಸನೆ. ಬಕೆಟ್ಟಿನಲ್ಲಿ ಕದಡಿ ಬಟ್ಟೆ ಮುಳುಗಿಸಿಟ್ಟರೆ ಸಾಕು, ಕೊಳೆ ತಾನಾಗಿಯೇ ಬಿಡುತ್ತಿತ್ತು. ಮಾಳಕ್ಕ ಒಂದು ಪಂಚೆ ಎತ್ತಿ, ಕುಕ್ಕದೆ, ನನ್ನ ಮೇಲೆ ಸುಮ್ಮನೆ ಎಳೆದಾಡಿ ಜಾಲಿಸಿದಳು. ಬೆಳ್ಳಗೆ ಬಂತು.

"ಮಾವ, ಎತ್ತೋದೇ ಬೇಡ ನೋಡು" ಅಂದಳು. ಮುದ್ದಯ್ಯ ಬೆರಳಲ್ಲಿ ನೊರೆ ಮುಟ್ಟಿ, ಮೂಸಿ, ಮಗುವಿನ ಹಾಗೆ ನಕ್ಕ.

ಆ ಬಸಿರು ನಿಂತಿತು. ಹೆಣ್ಣು ಮಗು ಹುಟ್ಟಿತು, ಚಂದ್ರಕಲಾ ಅಂತ ಹೆಸರಿಟ್ಟರು, ಕರೆಯುವುದು ಚಂದ್ರಿ ಅಂತ. ಆ ಪುಡಿಯೇ ನನ್ನ ಮಗಳನ್ನು ಉಳಿಸಿಕೊಟ್ಟಿತು ಅಂತ ಮಾಳಕ್ಕ ಕಂಡವರಿಗೆಲ್ಲ ಹೇಳುತ್ತಿದ್ದಳು. ಸುಳ್ಳು ಅನ್ನಲು ನನಗೆ ಬಾಯಿ ಬರುವುದಿಲ್ಲ. ಪಕ್ಕೆ ಮರಿಗಳು ಮಾತ್ರ ನನ್ನ ಬುಡಕ್ಕೆ ಬರುವುದನ್ನು ಬಿಟ್ಟವು. ಅದನ್ನು ಯಾರೂ ಗಮನಿಸಲಿಲ್ಲ. ಗಮನಿಸುವಷ್ಟು ದೊಡ್ಡ ಸಂಗತಿಯೂ ಆಗಿರಲಿಲ್ಲ.

ಮಗು ಬೆಳೆಯಿತು, ಊರೂ ಬೆಳೆಯಿತು. ಕೆರೆಯ ಮೂಡಲ ದಿಕ್ಕಿನ ಹೊಲಗಳಲ್ಲಿ ಬಡಾವಣೆ ಎದ್ದಿತು. ಮೊದಲು ಸಾಲು ಮನೆಗಳು, ಆಮೇಲೆ ಮಹಡಿ ಮೇಲೆ ಮಹಡಿ. ಮನೆಮನೆಗೂ ಬಟ್ಟೆ ಒಗೆಯುವ ಮೆಷಿನ್ನು ಬಂತು ಅಂತ ಹೆಂಗಸರು ಮಾತಾಡಿಕೊಂಡರು. ಅಷ್ಟೂ ಮನೆಗಳ ನೀರು ಒಂದು ದೊಡ್ಡ ಚರಂಡಿಯಲ್ಲಿ ಕೂಡಿ ಕೆರೆಗೆ ಬಂದು ಬೀಳುತ್ತಿತ್ತು. ಬೇಸಿಗೆಯಲ್ಲಿ ಕೋಡಿಯ ಹತ್ತಿರ ನೊರೆ ಹತ್ತಿಯ ಗುಡ್ಡೆಯ ಹಾಗೆ ಏಳುತ್ತಿತ್ತು. ಮಕ್ಕಳು ಅದನ್ನು ಬಾಚಿ ಒಬ್ಬರ ತಲೆಗೊಬ್ಬರು ಹಚ್ಚಿ ಆಡುತ್ತಿದ್ದರು. ಚಂದ್ರಿಯೂ ಆಡಿದಳು.

ಒಂದು ಬೇಸಿಗೆಯ ಮೊದಲ ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಕೆರೆ ಬೆಳ್ಳಗಿತ್ತು. ನೊರೆಯಲ್ಲ. ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಚರಂಡಿಯಲ್ಲಿ ತಿಂಗಳುಗಟ್ಟಲೆ ಕೊಳೆತು ನಿಂತಿದ್ದೆಲ್ಲ ಮಳೆಗೆ ಒಟ್ಟಿಗೆ ಇಳಿದಿತ್ತು. ಮುದ್ದಯ್ಯ ತೆಪ್ಪ ಹತ್ತಿ ಅವುಗಳ ನಡುವೆ ಹೋದ. ಹುಟ್ಟು ಹಾಕಿದ ಕಡೆಯೆಲ್ಲ ಮೀನು ತಗುಲುತ್ತಿತ್ತು. ತಾನೇ ಮರಿ ಬಿಟ್ಟು ಬೆಳೆಸಿದ ಒಂದು ದೊಡ್ಡ ಕಾಟ್ಲಾವನ್ನು ಎರಡು ಕೈಯಲ್ಲಿ ಎತ್ತಿ ತಂದು ನನ್ನ ಮೇಲೆ ಮಲಗಿಸಿದ. ಅದರ ಕಿವಿರು ಕಪ್ಪಾಗಿತ್ತು.

ಜನ ಸೇರಿತು. ಯಾರೋ ವಿಷ ಹಾಕಿದ್ದಾರೆ ಅಂದರು ಕೆಲವರು, ಎಲ್ಲಾ ಬಡಾವಣೆಯವರದ್ದೇ ಅಂದರು ಕೆಲವರು. ಅಧಿಕಾರಿಯೊಬ್ಬರು ಬಂದು ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋದರು. ಗದ್ದಲವೆಲ್ಲ ಕರಗಿದ ಮೇಲೆ ಮಾಳಕ್ಕ ಬಕೆಟ್ ಹಿಡಿದು ಅಲ್ಲೇ ನಿಂತಿದ್ದಳು. ಬಟ್ಟೆ ನೆನೆಹಾಕಿಕೊಂಡು ಬಂದಿದ್ದಳು. ಬಕೆಟ್ಟಿನಲ್ಲಿ ನೀಲಿ ನೊರೆ ಅಂಚಿನವರೆಗೆ ತುಂಬಿತ್ತು. ಮುದ್ದಯ್ಯ ಅದನ್ನು ನೋಡಿದ.

"ನಮ್ಮನೇದೂ ಐತೆ ಕಣೆ ಇದ್ರಲ್ಲಿ" ಅಂದ. ಬೈಗುಳದ ದನಿಯಲ್ಲ. ಮೀನಿನ ಕಡೆಯೇ ನೋಡುತ್ತ ಹೇಳಿದ.

ಮಾಳಕ್ಕ ಬಟ್ಟೆ ಜಾಲಿಸದೆ ಬಕೆಟ್ಟನ್ನು ಹಾಗೇ ಎತ್ತಿಕೊಂಡು ಮನೆಗೆ ಹೋದಳು.

ಮತ್ತೆ ಅವಳು ಬಂದಾಗ ಕೈಯಲ್ಲಿ ಅಂಟುವಾಳದ ಕಾಯಿಯಿತ್ತು. ತೂಬಿನ ಪಕ್ಕದ ಮರ ಏರಿಯ ರಸ್ತೆ ಅಗಲ ಮಾಡುವಾಗಲೇ ಹೋಗಿತ್ತು. ಸಂತೆಯಲ್ಲಿ ಗ್ರಂಥಿಗೆ ಅಂಗಡಿಯವನ ಹತ್ತಿರ ಹುಡುಕಿ ತಂದಿದ್ದಳು. ಆದರೆ ವಯಸ್ಸು ಹಿಂದಕ್ಕೆ ಹೋಗಿರಲಿಲ್ಲವಲ್ಲ. ಕುಕ್ಕಿದಾಗಲೆಲ್ಲ ಬಲಗೈ ಭುಜದಲ್ಲಿ ಏನೋ ಕಟಕಟ ಅನ್ನುವುದು ನನಗೆ ಕೇಳಿಸುತ್ತಿತ್ತು. ಅಲ್ಲಿಂದ ಮುಂದೆ ಅವಳಿಗೆ ಪ್ರತಿಯೊಂದೂ ತೂಗಿ ನೋಡುವ ಕೆಲಸವಾಯಿತು. ಅಂಗಿಯನ್ನು ಇನ್ನೊಂದು ದಿನ ಹಾಕಿಕೊಂಡರೆ ಒಂದು ಒಗೆತ ಉಳಿಯಿತಲ್ಲ ಅನ್ನುವಳು. ಪಾತ್ರೆಗೆ ಬೂದಿ ಸಾಕು ಅನ್ನುವಳು, ಆದರೆ ಬೂದಿಗೆ ಸೌದೆ ಉರಿಸಬೇಕು, ಸೌದೆಗೆ ಮರ ಕಡಿಯಬೇಕು, ಗ್ಯಾಸಿನ ಒಲೆ ಬೂದಿ ಕೊಡುವುದಿಲ್ಲ. ಯಾವ ಕಡೆಯಿಂದ ಹಿಡಿದರೂ ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತಿತ್ತು. ಜಾಲಿಸಿದ ನೀರನ್ನೂ ಕೆರೆಗೆ ಬಿಡದೆ, ಬಕೆಟ್ಟಿನಲ್ಲಿ ಹೊತ್ತು ದಿಬ್ಬ ಹತ್ತಿ ಬದನೆ ಗಿಡಕ್ಕೆ ಹುಯ್ಯುತ್ತಿದ್ದಳು.

ಚಂದ್ರಿ ಆಗ ಹೈಸ್ಕೂಲು. ಅವಳ ಬಿಳಿ ಯೂನಿಫಾರ್ಮು ಮಾಸಲು ಹಳದಿಯಾಯಿತು. ಡ್ರಿಲ್ ಮೇಷ್ಟ್ರು ಎಲ್ಲರೆದುರು ಸಾಲಿನಿಂದ ಆಚೆ ನಿಲ್ಲಿಸಿದರಂತೆ. ಆಮೇಲೆ ಅವಳು ತನ್ನ ಬಟ್ಟೆಯನ್ನು ಪಕ್ಕದ ಮನೆಯಲ್ಲಿ ಪೌಡರ್ ಹಾಕಿ ಒಗೆದುಕೊಳ್ಳತೊಡಗಿದಳು. ಮಾಳಕ್ಕನಿಗೆ ಗೊತ್ತಿತ್ತು. ಕೇಳಲಿಲ್ಲ.

ಕೆರೆ ಏರಿಯ ಮೇಲೆ ಬೆಳಗಿನ ಹೊತ್ತು ಶೈಲಜಾ ಅನ್ನುವ ಟೀಚರಮ್ಮ ನಡೆದಾಡಲು ಬರುತ್ತಿದ್ದರು, ಬಡಾವಣೆಯವರು. ಮಾಳಕ್ಕ ಒಗೆಯುವುದನ್ನು ದಿನಾ ನೋಡಿ, ಒಂದು ದಿನ ಇಳಿದು ಬಂದು ಕೇಳಿ ತಿಳಿದುಕೊಂಡು, ಒಂದು ಹಿಡಿ ಅಂಟುವಾಳ ತಗೊಂಡು ಹೋದರು. ಅಕ್ಕಪಕ್ಕದ ಮನೆಗಳಿಗೂ ಕೊಡುತ್ತೇನೆ ಅಂದರು. ಮಾಳಕ್ಕ ಆ ವಾರವೆಲ್ಲ ಏರಿಯ ಕಡೆ ನೋಡಿ ನೋಡಿ ಒಗೆದಳು.

ಟೀಚರಮ್ಮ ಮತ್ತೆ ಬಂದು ನನ್ನ ಪಕ್ಕ ನಿಂತರು. ನಾಚಿಕೊಂಡಂತಿತ್ತು. "ಮೆಷಿನ್ನಿಗೆ ಹಾಕಿದೆ ಮಾಳಕ್ಕ. ಕೊಳೆ ಹೋಗಲಿಲ್ಲ. ಮತ್ತೆ ಪೌಡರ್ ಹಾಕಿ ಇನ್ನೊಂದು ಸಲ ತಿರುಗಿಸಿದೆ. ಬೋರ್‌ವೆಲ್ ನೀರೂ ಎರಡರಷ್ಟು, ಕರೆಂಟೂ ಎರಡರಷ್ಟು. ಒಳ್ಳೇದು ಮಾಡೋಕೆ ಹೋಗಿ ಕೆಟ್ಟದ್ದನ್ನೇ ಜಾಸ್ತಿ ಮಾಡಿದೆನೇನೋ" ಅಂದರು. ಉಳಿದ ಮನೆಯವರು ತಗೊಳ್ಳಲೇ ಇಲ್ಲವಂತೆ. ಆಮೇಲೆ, "ಬೇಜಾರು ಮಾಡ್ಕೋಬೇಡಿ. ನೀವೊಬ್ಬರು ಪೌಡರ್ ಬಿಟ್ಟರೆ ಈ ಕೆರೆ ಸರಿಹೋಗುತ್ತಾ?" ಅಂತ ಕೇಳಿದರು.

"ಇಲ್ಲಮ್ಮ. ಸರಿಹೋಗಲ್ಲ. ಗೊತ್ತೈತೆ."

"ಮತ್ತೆ ಯಾಕೆ ಈ ಕಷ್ಟ?"

ಮಾಳಕ್ಕ ಕೈಯಲ್ಲಿದ್ದ ಅಂಗಿಯ ಕಾಲರು ತಿಕ್ಕುತ್ತಲೇ ಇದ್ದಳು. "ನಮ್ಮ ಮಾವ ಬಲೆ ಬಿಡೋ ನೀರಿಗೆ ಹೆಂಗಮ್ಮ ಹುಯ್ಯಲಿ?" ಅಂದಳು.

ಟೀಚರಮ್ಮ ಒಳ್ಳೆಯವರು. ಅವರ ಕಣ್ಣಲ್ಲಿ ನೀರಿತ್ತು. ಆದರೆ ಅಂಟುವಾಳ ಮತ್ತೆ ಕೇಳಲಿಲ್ಲ.

ಮುದ್ದಯ್ಯ ಬಲೆ ಬಿಡುವುದೂ ನಿಂತಿತು. ಆ ಕೊಳೆಯಲ್ಲಿ ಬದುಕಿದ್ದು ಮೀಸೆಯ ಕಪ್ಪು ಮೀನು ಒಂದೇ, ಅದನ್ನು ಊರಲ್ಲಿ ಯಾರೂ ಕೊಳ್ಳುತ್ತಿರಲಿಲ್ಲ. ಒಂದು ಮಧ್ಯಾಹ್ನ ಬಲೆಯನ್ನು ನನ್ನ ಮೇಲೆ ಹರಡಿ, ಅಂಟಿದ್ದ ಅಂತರಗಂಗೆಯ ಬೇರನ್ನೆಲ್ಲ ಒಂದೊಂದೇ ಬಿಡಿಸಿ, ಮಡಿಸಿ ಗೋಣಿಚೀಲಕ್ಕೆ ತುಂಬಿದ. ತೆಪ್ಪ ದಡದಲ್ಲಿ ಮಗುಚಿ ಬಿದ್ದು ಕೊಳೆತು ಲಡ್ಡಾಯಿತು.

ಚಂದ್ರಿಗೆ ಬಡಾವಣೆಯ ಹಿಂದೆ ಒಂದು ದೊಡ್ಡ ಲಾಂಡ್ರಿಯಲ್ಲಿ ಕೆಲಸ ಸಿಕ್ಕಿತು. ಹೋಟೆಲು, ಆಸ್ಪತ್ರೆಗಳ ಹಾಸಿಗೆ ಬಟ್ಟೆಯೆಲ್ಲ ಅಲ್ಲಿಗೆ ಬರುತ್ತಿತ್ತು. ಮನೆ ನಡೆಯುತ್ತಿದ್ದದ್ದು ಆ ಸಂಬಳದಲ್ಲೇ. ಒಂದು ರಜೆಯ ದಿನ ಅವಳು ಅವ್ವನನ್ನು ಹುಡುಕಿಕೊಂಡು ಕೆರೆಗೆ ಬಂದಳು. ಮಾಳಕ್ಕ ಎಡಗೈಯಲ್ಲಿ ಬಲಗೈ ರಟ್ಟೆಯನ್ನು ಎತ್ತಿ ಹಿಡಿದು ಕುಕ್ಕುತ್ತಿದ್ದಳು. ಚಂದ್ರಿ ನೋಡಿದಳು, ತಡೆಯಲಾಗಲಿಲ್ಲ.

"ಅವ್ವ, ನೀನು ಜನ್ಮವೆಲ್ಲಾ ಒಗೆದ್ರೂ ಸುರಿಯದಷ್ಟು ಪೌಡರನ್ನ ನಾನು ಒಂದು ದಿನಕ್ಕೆ ಸುರೀತೀನಿ. ಆ ನೀರು ಎಲ್ಲಿಗೆ ಬರ್ತದೆ ಅಂತ ನಿಂಗೂ ಗೊತ್ತು, ನಂಗೂ ಗೊತ್ತು. ನಿನ್ನ ಕೈ ಹೋಗ್ತಿರೋದು ಯಾವ ಪುರುಷಾರ್ಥಕ್ಕೆ ಹೇಳು?"

ಮಾಳಕ್ಕ ತಲೆ ಎತ್ತಿ ಮಗಳನ್ನು ನೋಡಿದಳು. ಕೆಲಸ ಬಿಟ್ಟುಬಿಡು ಅನ್ನುತ್ತಾಳೆ ಅಂದುಕೊಂಡೆ. ಅನ್ನಲಿಲ್ಲ, ಅನ್ನುವ ಹಾಗೂ ಇರಲಿಲ್ಲ. ಒದ್ದೆ ದುಪ್ಪಟಿಯ ಒಂದು ತುದಿಯನ್ನು ಮಗಳ ಕೈಗೆ ಕೊಟ್ಟಳು. ಇಬ್ಬರೂ ಎದುರುಬದುರು ನಿಂತು ತಿರುಚಿ ಹಿಂಡಿದರು. ಕಂದು ನೀರು ಇಬ್ಬರ ಪಾದದ ಮೇಲೆ ಸುರಿಯಿತು. ಚಂದ್ರಿ ಅಳುತ್ತಿದ್ದಳು, ಆದರೆ ಹಿಡಿತ ಸಡಿಲಿಸಲಿಲ್ಲ.

ಆಮೇಲೆ ಕೆರೆ ಅಭಿವೃದ್ಧಿಗೆ ಬಂತು. ಸುತ್ತ ಬೇಲಿ, ನಡೆದಾಡುವ ಹಾದಿ, ಬಣ್ಣದ ದೀಪದ ಕಂಬ, ಅಲ್ಲಲ್ಲಿ ಕ್ಯಾಮೆರಾ. ನನ್ನೆದುರಿಗೇ ಒಂದು ಫಲಕ ನೆಟ್ಟರು. ಕೆರೆಯನ್ನು ಸ್ವಚ್ಛವಾಗಿಡಿ, ಇಲ್ಲಿ ಬಟ್ಟೆ ಒಗೆಯುವುದನ್ನು ನಿಷೇಧಿಸಲಾಗಿದೆ. ಅಷ್ಟು ಹೊತ್ತಿಗೆ ಅಲ್ಲಿ ಬಟ್ಟೆ ಒಗೆಯುತ್ತಿದ್ದವಳು ಮಾಳಕ್ಕ ಒಬ್ಬಳೇ. ಬಿಳಿ ಟೋಪಿಯ ಮೇಸ್ತ್ರಿಯೊಬ್ಬ ಮರ್ಯಾದೆಯಿಂದಲೇ ಅವಳಿಗೆ ಓದಿ ಹೇಳಿದ. ಅವಳು ಅಂಟುವಾಳದ ನೀರಿನ ಬಕೆಟ್ ಎತ್ತಿಕೊಂಡಳು, ಹೊರಟಳು. ದೊಡ್ಡ ಚರಂಡಿಯನ್ನು ಯಾರೂ ಮುಟ್ಟಲಿಲ್ಲ. ನಡೆದಾಡುವ ಹಾದಿ ಅದನ್ನು ದಾಟುವ ಕಡೆ ಒಂದು ಚಂದದ ಪುಟ್ಟ ಸೇತುವೆ ಕಟ್ಟಿ, ಕಂಬಿಗೆ ಹಸಿರು ಬಣ್ಣ ಬಳಿದರು.

ಜೆಸಿಬಿ ನನ್ನನ್ನು ಬುಡಸಮೇತ ಎತ್ತಿತು. ಹೂಳಿನ ಜೊತೆ ಎಲ್ಲಿಗೋ ಹೋಗಬೇಕಾಗಿದ್ದವನು, ಮುಖ ನುಣ್ಣಗಿದೆ ಅಂತ ಯಾರೋ ಕಂಡದ್ದರಿಂದ ಉಳಿದೆ. ಎರಡು ಗುಂಡುಕಲ್ಲುಗಳ ಮೇಲೆ ಅಡ್ಡ ಮಲಗಿಸಿ ಬೆಂಚು ಮಾಡಿದರು. ಹೊಸಿಲಾಗಬೇಕಾಗಿದ್ದ ನಾನು ಹೀಗೆ ಕೂರುವ ಕಲ್ಲಾದೆ. ಬಿಳಿ ಶೂ ಹಾಕಿಕೊಂಡವರು ಬಂದು ಕೂತು, ಮೂಗಿಗೆ ಕರವಸ್ತ್ರ ಹಿಡಿದು, ಬೇಗ ಎದ್ದು ಹೋಗುತ್ತಾರೆ.

ಮುದ್ದಯ್ಯನಿಗೆ ಅಲ್ಲೇ ಕಾವಲಿನ ಕೆಲಸ ಕೊಟ್ಟರು. ಖಾಕಿ ಅಂಗಿ, ಟೋಪಿ, ಕೊರಳಿಗೆ ಒಂದು ವಿಷಲ್. ಬಿಡುವಾದಾಗ ನನ್ನ ಮೇಲೆ ಬಂದು ಕೂರುತ್ತಾನೆ, ಕಸ ಗುಡಿಸುವವರ ಜೊತೆ ಮಾತಾಡುತ್ತಾನೆ. ಚಂದ್ರಿ ಮನೆಗೆ ಮೆಷಿನ್ ತಂದಳಂತೆ. ಮಾಳಕ್ಕನ ಬಲಗೈ ಈಗ ತಲೆಯವರೆಗೂ ಏಳುವುದಿಲ್ಲ, ಮಗಳೇ ತಲೆ ಬಾಚಬೇಕು. "ಮೆಷಿನ್ ಮುಂದೆ ಕೂತ್ಕಂಡು ಗಾಜಿನೊಳಗೆ ಬಟ್ಟೆ ಸುತ್ತೋದನ್ನೇ ನೋಡ್ತಾಳೆ. ಮುಗಿಯೋವರೆಗೂ ಏಳಲ್ಲ" ಅಂತ ಒಂದು ದಿನ ಹೇಳಿದ. ಮೆಷಿನ್ನಿಗೆ ಯಾವ ಪುಡಿ ಹಾಕುತ್ತಾರೆ ಅಂತ ಅವನು ಹೇಳಲಿಲ್ಲ.

ಮೊನ್ನೆಯ ಮಾತು. ಮಧ್ಯಾಹ್ನ ಮಾಳಕ್ಕ ಗಂಡನಿಗೆ ಊಟ ತಂದಿದ್ದಳು. ಅವನು ಉಣ್ಣುತ್ತಿದ್ದ, ಅವಳು ನನ್ನ ಇನ್ನೊಂದು ತುದಿಯಲ್ಲಿ ಕೂತಿದ್ದಳು. ಬೇಲಿಯ ಸಂದಿಯಿಂದ ಒಬ್ಬ ಹೆಂಗಸು ಒಳಗೆ ಬಂದಳು. ಬಡಾವಣೆಯ ಹೊಸ ಕಟ್ಟಡದಲ್ಲಿ ಕೆಲಸಕ್ಕೆ ಬಂದವಳು, ಯಾದಗಿರಿ ಕಡೆಯವಳು. ಕಂಕುಳಲ್ಲಿ ಮಗು, ಕೈಯಲ್ಲಿ ಸಿಮೆಂಟು ಹತ್ತಿದ ಬಟ್ಟೆಯ ಬಕೆಟ್ಟು. ಮುದ್ದಯ್ಯ ತುತ್ತು ಬಿಟ್ಟು ಎದ್ದು ವಿಷಲ್ ಊದಿದ.

"ಒಗೀಬಾರದೇನ್ರಿ ಅಣ್ಣಾ ಇಲ್ಲಿ? ಶೆಡ್ಡಿನ್ಯಾಗ ನೀರು ಬರಾಕತ್ತಿಲ್ರಿ" ಅಂದಳು ಅವಳು.

"ಕ್ಯಾಮೆರಾ ಐತೆ ತಾಯಿ. ನನ್ನ ಕೆಲಸ ಹೋಯ್ತದೆ."

ಅವಳು ವಾದ ಮಾಡಲಿಲ್ಲ. ಅತ್ತಿತ್ತ ನೋಡಿ, ಹಸಿರು ಕಂಬಿಯ ಸೇತುವೆಯ ಕೆಳಗೆ ಚರಂಡಿ ಬೀಳುವ ಕಡೆ ಇಳಿಯತೊಡಗಿದಳು. ಅಲ್ಲಿ ಕ್ಯಾಮೆರಾ ಇಲ್ಲ. ನೀರು ಕಪ್ಪಗೆ ಇರುತ್ತದೆ.

ಮಾಳಕ್ಕ ಎದ್ದಳು. "ಅಲ್ಲಿ ಬೇಡ ಮಗಳೇ. ಆ ನೀರು ಕೂಸಿಗೆ ಆಗಲ್ಲ, ಮೈಯೆಲ್ಲ ಗುಳ್ಳೆ ಏಳ್ತದೆ" ಅಂದಳು. ಆಮೇಲೆ ಒಂದು ಕ್ಷಣ ನಿಂತಳು. ಆ ಒಂದು ಕ್ಷಣದಲ್ಲಿ ಅವಳು ಏನೇನು ತೂಗಿದಳೋ ನಾನು ಬಲ್ಲೆ. "ನಮ್ಮನೆ ಇಲ್ಲೇ ಹತ್ರ. ಮೆಷಿನ್ ಐತೆ, ಪೌಡರ್ ಐತೆ. ಹಾಕ್ಕಂಡು ಹೋಗು, ಬಾ."

ಮುದ್ದಯ್ಯ ಹೆಂಡತಿಯನ್ನು ನೋಡಿದ. ಅವಳು ಅವನ ಕಡೆ ನೋಡಲಿಲ್ಲ. ಎಡಗೈಯಿಂದ ಬಕೆಟ್ಟಿನ ಹಿಡಿಯ ಒಂದು ಪಕ್ಕ ಹಿಡಿದಳು. ಇಬ್ಬರು ಹೆಂಗಸರೂ ಹಾಗೇ ದಿಬ್ಬ ಹತ್ತಿ ಹೋದರು.

ನಾನು ಕಲ್ಲು. ಆ ಮಗುವಿನ ಮಕ್ಕಳು ಮುದುಕರಾದ ಮೇಲೂ ಇಲ್ಲೇ ಇರುತ್ತೇನೆ. ಇದಕ್ಕೊಂದು ದಾರಿ ಇದ್ದೀತು ಅಂತ ಹೇಳಿ ಮುಗಿಸಬೇಕು ಅಂತ ನನಗೂ ಆಸೆ. ಆದರೆ ನಾನು ಕಂಡದ್ದು ಇಷ್ಟೇ: ಮಾಳಕ್ಕ ಪುಡಿ ಹಿಡಿದಾಗಲೂ ಅದು ಒಂದು ಜೀವದ ಮೇಲಿನ ಅಕ್ಕರೆಗೆ, ಬಿಟ್ಟಾಗಲೂ ಅಕ್ಕರೆಗೆ, ಈಗ ಮತ್ತೆ ಹಿಡಿದಾಗಲೂ ಅಕ್ಕರೆಗೆ. ಕೆರೆಗೆ ಮಾತ್ರ ಮೂರೂ ಸಲ, ಅವಳದ್ದೋ ಬೇರೆಯವರದ್ದೋ, ಅದೇ ನೊರೆ ಬಂದು ಸೇರಿತು.

ಮುದ್ದಯ್ಯ ಉಳಿದ ಊಟ ಉಣ್ಣಲಿಲ್ಲ. ಡಬ್ಬಿ ಮುಚ್ಚಿಟ್ಟು ನೀರನ್ನು ನೋಡುತ್ತ ಕೂತ. ಸಂಜೆ ಗಾಳಿ ಎದ್ದಿತು. ಸೇತುವೆಯ ಕೆಳಗಿಂದ ನೊರೆಯ ಉಂಡೆಗಳು ಮೇಲೆದ್ದು ಹಾದಿಯ ಮೇಲೆಲ್ಲ ಹಾರಿದವು. ಒಂದು ಬಂದು ಅವನ ಮೊಣಕಾಲಿನ ಮೇಲೆ ಕೂತಿತು. ಅವನು ಒರೆಸಿಕೊಳ್ಳಲಿಲ್ಲ. ಅದು ಖಾಕಿ ಬಟ್ಟೆಯ ಮೇಲೆ ಮೆಲ್ಲಗೆ ಒಡೆಯುತ್ತ, ಒಡೆಯುತ್ತ, ಕೊನೆಗೆ ಒಂದು ಒದ್ದೆ ಕಲೆಯಾಗಿ ಉಳಿಯಿತು.